ನೀಲಿ ಝೇಂಡಾದವರ ಓಟು

ಚುನಾವಣೆಯ ಫಲಿತಾಂಶ ಬಂದ ಮರುದಿನ ಮುಂಬಯಿಯ ಪತ್ರಿಕೆಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ರಿಪಬ್ಲಿಕನ್ ಪಕ್ಷದ ಮತಗಳು ಈ ಸಲ ಇಂಥವರಿಗೆ ಬಿದ್ದವು, ಇಲ್ಲವೇ ಬೀಳಲಿಲ್ಲ ಎಂಬ ಸಾಲು. ಮಾತು ಅಷ್ಟಕ್ಕೇ ಮುಗಿಯುತ್ತದೆ. ಆ ಮತ ಹಾಕಿದವರು ಯಾರು, ತಮ್ಮ ಪಕ್ಷದ ಗುರುತೇ ಕಣದಲ್ಲಿ ಇಲ್ಲದಾಗ ಯಾರನ್ನು ಆರಿಸಿಕೊಂಡರು, ಯಾಕೆ ಆರಿಸಿಕೊಂಡರು ಎಂದು ಕೇಳುತ್ತ ನಮ್ಮ ಗಲ್ಲಿಗೆ ಬಂದವರು ಕಡಿಮೆ. ನಾನು ಬೆಳೆದದ್ದು ಆ ಮತದಾರರ ನಡುವೆ. ನಮ್ಮಪ್ಪ ಬದುಕಿದ್ದಷ್ಟು ಕಾಲ ನೀಲಿ ಝೇಂಡಾದ ಮನುಷ್ಯ. ಅವನು ಮತ್ತು ಅವನ ಓರಗೆಯವರು ಓಟು ಹಾಕಿದ ರೀತಿಯನ್ನು ಹತ್ತಿರದಿಂದ ಕಂಡಿದ್ದೇನೆ. ಅದನ್ನು ಬರೆದಿಡಬೇಕು ಎಂದು ಬಹಳ ವರ್ಷಗಳಿಂದ ಮನಸ್ಸಿನಲ್ಲಿತ್ತು.

ಘಾಟ್ಕೋಪರ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಅಸಲ್ಫಾದ ಗೀತಾಂಬಿಕಾ ದೇವಸ್ಥಾನ, ಅಲ್ಲಿನ ಯಕ್ಷಗಾನ, ಕನ್ನಡ ವೆಲ್ಫೇರ್ ಸೊಸೈಟಿಯ ಕಾರ್ಯಕ್ರಮಗಳು, ಸ್ಟೇಷನ್ ಸುತ್ತಲಿನ ಉಡುಪಿ ಹೋಟೆಲುಗಳು. ಕರಾವಳಿಯಿಂದ ಬಂದವರು ಬೆವರು ಸುರಿಸಿ ಕಟ್ಟಿದ್ದು ಅದೆಲ್ಲ. ಅದರ ಬಗ್ಗೆ ನನಗೆ ಗೌರವವಿದೆ. ನಮ್ಮದು ಅದೇ ಊರಿನ ಇನ್ನೊಂದು ಕನ್ನಡ. ಘಾಟ್ಕೋಪರ್ ಪೂರ್ವದಲ್ಲಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ತಾಗಿಕೊಂಡು ಮಾತಾ ರಮಾಬಾಯಿ ಅಂಬೇಡ್ಕರ್ ನಗರ, ಅದರ ಮಗ್ಗುಲಲ್ಲೇ ಕಾಮರಾಜ ನಗರ. ರಮಾಬಾಯಿ ನಗರದ ಬಹುಪಾಲು ಜನ ಮರಾಠಿ ಮಾತಾಡುವ ಬೌದ್ಧರು. ಅವರ ನಡುವೆ, ಪಕ್ಕದ ಗಲ್ಲಿಗಳಲ್ಲಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ನಮ್ಮಂಥ ಕೆಲವು ಮನೆಗಳು. ಅಪ್ಪ 1972ರ ಬರಗಾಲದಲ್ಲಿ ಗುರುಮಿಠಕಲ್ ಕಡೆಯ ಹಳ್ಳಿ ಬಿಟ್ಟು ಬಂದವನು. ಕಟ್ಟಡದ ಕೆಲಸದಲ್ಲಿ ಬಿಗಾರಿ. ಬುಟ್ಟಿಯಲ್ಲಿ ರೇತಿ ಹೊತ್ತು ಹೊತ್ತು ಅವನ ನೆತ್ತಿಯ ಕೂದಲು ಹೋಗಿತ್ತು. ಮನೆಯ ಗೋಡೆಯಲ್ಲಿ ಎಲ್ಲಮ್ಮನ ಪಟ, ಅದರ ಬದಿಗೆ ಬಾಬಾಸಾಹೇಬರ ಪಟ. ಎರಡಕ್ಕೂ ಅವ್ವ ಒಂದೇ ಊದಿನಕಡ್ಡಿ ಹಚ್ಚುತ್ತಿದ್ದಳು.

ನಮ್ಮ ಮನೆತನದಲ್ಲಿ ಓಟಿನ ವಿಷಯಕ್ಕೆ ಎರಡು ದಾರಿ ಇದ್ದವು. ಊರಲ್ಲಿ ಉಳಿದ ಕಾಕಾ ಕಾಂಗ್ರೆಸ್ಸಿನವನು. ಆಗ ಗುಲ್ಬರ್ಗ ಜಿಲ್ಲೆಯಲ್ಲಿದ್ದ ಗುರುಮಿಠಕಲ್ ಮೀಸಲು ಕ್ಷೇತ್ರದಿಂದ ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಒಂದು ಸಲವೂ ಸೋಲದೆ ಗೆದ್ದರು. ಕಾಕಾನಿಗೆ ಪಕ್ಷ ಅಂದರೆ ಖರ್ಗೆಯವರು, ಖರ್ಗೆಯವರು ಅಂದರೆ ಕೈ. ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ಮುಂದೆ ನಿಂತು ಹಲಗೆ ಬಾರಿಸುವವನೂ ಅವನೇ, ಕೈಗೆ ಓಟು ಕೇಳುವವನೂ ಅವನೇ. ಅದರಲ್ಲಿ ಅವನಿಗೆ ಯಾವ ತೊಡಕೂ ಕಾಣುತ್ತಿರಲಿಲ್ಲ. ಅಪ್ಪ ಮಾತ್ರ ಮುಂಬಯಿಗೆ ಬಂದ ಮೇಲೆ ಬೇರೆಯವನಾದ. ಕೆಲಸದ ನಾಕಾದಲ್ಲಿ ಜತೆಗೆ ನಿಲ್ಲುತ್ತಿದ್ದ ಮರಾಠಿ ಬೌದ್ಧರು ಅವನನ್ನು ವಿಹಾರಕ್ಕೆ ಕರೆದೊಯ್ದರು, ಶಾಹೀರರ ಹಾಡು ಕೇಳಿಸಿದರು. ಬಾಬಾಸಾಹೇಬರು ತೀರಿಕೊಂಡ ದಿನವಾದ ಡಿಸೆಂಬರ್ 6ರಂದು ದಾದರ್ ಚೈತ್ಯಭೂಮಿಗೆ ನಡೆಸಿದರು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆದರೆ ಪಕ್ಷದ ಚರಿತ್ರೆ ಬಾಯಿಪಾಠವಾಗಿತ್ತು.

ಆ ಚರಿತ್ರೆಯಲ್ಲಿ ನಮ್ಮ ಕನ್ನಡ ನೆಲಕ್ಕೂ ಜಾಗ ಇದೆ ಎಂದು ಅವನಿಗೆ ಹೆಮ್ಮೆ. 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದನ್ನು ಊರಿನವರಿಗೆಲ್ಲ ಹೇಳುವನು. ಡಿ.ಎ. ಕಟ್ಟಿಯವರ ಹೆಸರನ್ನು ಅವನಷ್ಟು ಅಕ್ಕರೆಯಿಂದ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕಟ್ಟಿಯವರು 1957ರಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಿಂದ ಪರಿಶಿಷ್ಟ ಜಾತಿಗಳ ಒಕ್ಕೂಟದ ಅಭ್ಯರ್ಥಿಯಾಗಿ ಲೋಕಸಭೆಗೆ ಗೆದ್ದವರು. ಬಾಬಾಸಾಹೇಬರು ತೀರಿಕೊಂಡು ವರ್ಷ ತುಂಬುವ ಮೊದಲೇ, 1957ರ ಅಕ್ಟೋಬರ್ 3ರಂದು ನಾಗಪುರದಲ್ಲಿ ಆ ಒಕ್ಕೂಟ ಹೋಗಿ ರಿಪಬ್ಲಿಕನ್ ಪಕ್ಷ ಹುಟ್ಟಿತು. ಹುಟ್ಟಿದ ಒಂದೆರಡು ವರ್ಷದಲ್ಲೇ ಒಡೆಯಿತು, ಆಮೇಲೆ ಒಡೆಯುತ್ತಲೇ ಹೋಯಿತು. ಗಾಯಕವಾಡ ಗಟ, ಖೋಬ್ರಾಗಡೆ ಗಟ, ಕಾಂಬಳೆ ಗಟ, ಗವಾಯಿ ಗಟ, ಆಠವಲೆ ಗಟ, ಪ್ರಕಾಶ್ ಅಂಬೇಡ್ಕರರದು ಬೇರೆ. ನಮ್ಮ ಗಲ್ಲಿಯಲ್ಲಿ ಮನುಷ್ಯನ ಪರಿಚಯ ಹೇಳುವಾಗಲೂ ‘ಅವ ಯಾವ ಗಟದವ’ ಎಂದು ಸೇರಿಸುತ್ತಿದ್ದರು. ಒಂದೇ ವಿಹಾರದಲ್ಲಿ ಒಂದೇ ಬುದ್ಧವಂದನೆ ಹೇಳಿ ಹೊರಗೆ ಬಂದವರು ಚುನಾವಣೆಯ ದಿನ ಬೇರೆ ಬೇರೆ ಮೇಜಿನ ಹಿಂದೆ ಕೂತಿರುತ್ತಿದ್ದರು. ಮತಗಳು ಹಂಚಿಹೋಗುತ್ತಿದ್ದವು. ಸೋಲು ಖಚಿತ ಎಂದು ತಿಳಿದೇ ಅಪ್ಪ ಓಟು ಹಾಕಿ ಬರುತ್ತಿದ್ದ. ‘ಗೆಲ್ಲಲಿಕ್ಕೆ ಹಾಕಂಗಿಲ್ಲಪಾ, ನಾವು ಇದ್ದೀವಿ ಅಂತ ಗೊತ್ತಾಗಲಿಕ್ಕೆ ಹಾಕ್ತೀವಿ’ ಎನ್ನುತ್ತಿದ್ದ.

ಈ ಮಾತನ್ನು ಅವನು ಬದಲಾಯಿಸಿದ್ದು 1997ರ ನಂತರ.

ಆ ವರ್ಷ ಜುಲೈ 11ರ ಬೆಳಿಗ್ಗೆ ರಮಾಬಾಯಿ ನಗರದ ಅಂಬೇಡ್ಕರ್ ಪ್ರತಿಮೆಯ ಕೊರಳಲ್ಲಿ ಚಪ್ಪಲಿ ಹಾರ ಕಂಡಿತು. ಜನ ಸಿಟ್ಟಿನಿಂದ ಹೈವೇಗೆ ಇಳಿದರು. ರಾಜ್ಯ ಮೀಸಲು ಪೊಲೀಸ್ ಪಡೆ ಬಂತು, ಬಂದದ್ದೇ ಗುಂಡು ಹಾರಿಸಿತು. 10 ಜನ ಸತ್ತರು. ಅಷ್ಟು ಜನರ ಮೇಲೆ ಇನ್ನೂ ಎಷ್ಟೋ ಮಂದಿ ಗಾಯಗೊಂಡರು. ರಸ್ತೆ ತಡೆದವರಲ್ಲಿ ಇಲ್ಲದವರಿಗೂ, ಗಲ್ಲಿಯ ಬಾಯಲ್ಲಿ ನಿಂತವರಿಗೂ ಗುಂಡು ತಗುಲಿತು. ಅಪ್ಪ ಅಂದು ಮುಲುಂಡ್ ಕಡೆ ಕೆಲಸಕ್ಕೆ ಹೋಗಿದ್ದ. ನಾನು ಮನೆಯಲ್ಲಿದ್ದೆ. ಅವ್ವ ಬಾಗಿಲಿಗೆ ಅಗುಳಿ ಹಾಕಿ, ತಗಡಿನ ಬಾಗಿಲಿಗೆ ಗುಂಡು ತಡೆಯುವ ಶಕ್ತಿ ಎಲ್ಲಿಯದು ಎಂದು ನೆನಪಾಗಿ, ನಮ್ಮನ್ನೆಲ್ಲ ಅಕ್ಕಿಯ ಡಬ್ಬಿ ಇಟ್ಟಿದ್ದ ಮೂಲೆಗೆ ಸರಿಸಿ ಮುಂದೆ ತಾನು ಕೂತಳು. ಹೊರಗಿನ ಸದ್ದು ನಿಂತ ಮೇಲೂ ಬಹಳ ಹೊತ್ತು ಏಳಲಿಲ್ಲ.

ನಾಲ್ಕು ದಿನ ಕಳೆದು ಇನ್ನೊಂದು ಸುದ್ದಿ ಬಂತು. ಮುಲುಂಡಿನ ಝೋಪಡಪಟ್ಟಿಯಲ್ಲಿ ಶಾಹೀರ ವಿಲಾಸ್ ಘೋಗರೆ ನೇಣು ಹಾಕಿಕೊಂಡಿದ್ದರು. ರಮಾಬಾಯಿ ನಗರಕ್ಕೆ ಬಂದು, ಹೆಣಗಳನ್ನು ಕಂಡು ಹೋದವರು ಅವರು. ತಲೆಗೆ ನೀಲಿ ಬಟ್ಟೆ ಕಟ್ಟಿಕೊಂಡಿದ್ದರಂತೆ. ಅವರ ಹಾಡನ್ನು ಅಪ್ಪ ಎಷ್ಟೋ ಸಭೆಗಳಲ್ಲಿ ಕೇಳಿದ್ದ. ಆನಂದ್ ಪಟವರ್ಧನ್ ಇದೆಲ್ಲವನ್ನೂ ವರ್ಷಗಟ್ಟಲೆ ಚಿತ್ರೀಕರಿಸಿ 2011ರಲ್ಲಿ ‘ಜೈ ಭೀಮ್ ಕಾಮ್ರೇಡ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಕನ್ನಡದ ಓದುಗರು ಅದನ್ನು ಹುಡುಕಿಕೊಂಡು ನೋಡಬೇಕು.

ಆಗ ರಾಜ್ಯದಲ್ಲಿ ಇದ್ದದ್ದು ಶಿವಸೇನೆ ಮತ್ತು ಬಿಜೆಪಿಯ ಮೈತ್ರಿ ಸರ್ಕಾರ, ಮನೋಹರ ಜೋಶಿಯವರು ಮುಖ್ಯಮಂತ್ರಿ. ಗುಂಡು ಹಾರಿಸಿದ್ದಕ್ಕೆ ಹೈವೇಯಲ್ಲಿದ್ದ ಟ್ಯಾಂಕರಿಗೆ ಬೆಂಕಿ ಬೀಳುವ ಅಪಾಯದ ಕಾರಣ ಕೊಡಲಾಯಿತು. ನ್ಯಾಯಮೂರ್ತಿ ಗುಂಡೇವಾರ್ ಆಯೋಗ ಆ ಗೋಳೀಬಾರಿಗೆ ಸಮರ್ಥನೆ ಇಲ್ಲ ಎಂದಿತು. ಆದೇಶ ಕೊಟ್ಟ ಸಬ್ ಇನ್ಸ್‌ಪೆಕ್ಟರಿಗೆ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟದ್ದು 2009ರಲ್ಲಿ, 12 ವರ್ಷ ಆದ ಮೇಲೆ. ಆಮೇಲೆ ಜಾಮೀನೂ ಸಿಕ್ಕಿತು. ಅದೆಲ್ಲ ಮುಂದಿನ ಮಾತು. ಆ ಮಳೆಗಾಲದಲ್ಲಿ ನಮ್ಮ ಜನರ ಕೈಯಲ್ಲಿ ಇದ್ದದ್ದು ಒಂದೇ, ಓಟು.

ಅದು ಬೇಗನೇ ಬಂತು. 1998ರ ಫೆಬ್ರವರಿಯಲ್ಲಿ ಲೋಕಸಭೆಗೆ ಚುನಾವಣೆ. ರಿಪಬ್ಲಿಕನ್ ಗಟಗಳು ಆ ಹೊತ್ತಿಗೆ ಒಂದಾಗಿದ್ದವು. ಒಂದಾಗದೆ ಬೇರೆ ದಾರಿ ಇರಲಿಲ್ಲ. ಜನ ತಮ್ಮ ನಾಯಕರ ಮೇಲೇ ಕಿಡಿಕಾರುತ್ತಿದ್ದ ಕಾಲ ಅದು. ಶರದ್ ಪವಾರರು ಆಗ ಕಾಂಗ್ರೆಸ್ಸಿನಲ್ಲಿದ್ದರು. ಕಾಂಗ್ರೆಸ್, ರಿಪಬ್ಲಿಕನ್, ಸಮಾಜವಾದಿ ಪಕ್ಷಗಳ ಹೊಂದಾಣಿಕೆಯಾಯಿತು. ರಿಪಬ್ಲಿಕನ್ನರಿಗೆ ಬಿಟ್ಟುಕೊಟ್ಟದ್ದು ನಾಲ್ಕು ಕಡೆ: ಅಕೋಲಾ, ಅಮರಾವತಿ, ಚಿಮೂರ್, ಮುಂಬಯಿ ಉತ್ತರ ಮಧ್ಯ. ನಾಲ್ಕೂ ಸಾಮಾನ್ಯ ಕ್ಷೇತ್ರಗಳು. ನಮ್ಮದು ಮುಂಬಯಿ ಈಶಾನ್ಯ. ಇಲ್ಲಿ ಕೈ ಗುರುತಿನ ಗುರುದಾಸ್ ಕಾಮತ್, ಎದುರಿಗೆ 1996ರಲ್ಲಿ ಗೆದ್ದಿದ್ದ ಬಿಜೆಪಿಯ ಪ್ರಮೋದ್ ಮಹಾಜನ್. ಕಾಮತರ ಮನೆತನ ಅಂಕೋಲೆಯ ಕಡೆಯದು. ಹಾಗಾಗಿ ಮುಂಬಯಿಯ ಕನ್ನಡಿಗರು ಅವರನ್ನು ತಮ್ಮವರು ಎನ್ನುತ್ತಿದ್ದರು. ನಮ್ಮ ಗಲ್ಲಿಯಲ್ಲಿ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅಲ್ಲಿ ಪ್ರಶ್ನೆಯೇ ಬೇರೆ ಇತ್ತು.

ಪ್ರಶ್ನೆ ಎದ್ದದ್ದು ವಿಹಾರದ ಕಟ್ಟೆಯ ಮೇಲೆ, ಒಂದು ಭಾನುವಾರ ರಾತ್ರಿ. ಪಕ್ಷದ ಕಾರ್ಯಕರ್ತರು ಬಂದು ಈ ಸಲ ಪಂಜಾಕ್ಕೆ, ಅಂದರೆ ಕೈ ಗುರುತಿಗೆ, ಶಿಕ್ಕಾ ಹೊಡೆಯಬೇಕು ಎಂದು ಹೇಳಿ ಹೋಗುವುದರಲ್ಲಿದ್ದರು. ವಯಸ್ಸಾದ ಒಬ್ಬ ಕಾಕಾ ಎದ್ದು ನಿಂತ. ಸಾತಾರಾ ಕಡೆಯವನು, ಗಿರಣಿಯಲ್ಲಿ ದುಡಿದು ಬಿಟ್ಟವನು. 1952ರಲ್ಲಿ ಮುಂಬಯಿಯಲ್ಲಿ ಬಾಬಾಸಾಹೇಬರನ್ನು ಸೋಲಿಸಿದವರು ಯಾರು ಎಂದು ಕೇಳಿದ. ಕಾಂಗ್ರೆಸ್ಸಿನ ಕಾಜ್ರೋಳಕರ್ ಎಂದು ತಾನೇ ಉತ್ತರವನ್ನೂ ಹೇಳಿದ. ಎರಡು ವರ್ಷ ಬಿಟ್ಟು ಭಂಡಾರಾದ ಉಪಚುನಾವಣೆಯಲ್ಲಿ ಮತ್ತೆ ಸೋಲಿಸಿದವರು ಯಾರು? ಅದೂ ಅವರೇ. ‘ನನ್ನ ಕೈ ಪಂಜಾದ ಮೇಲೆ ಹೋಗುವುದಿಲ್ಲ’ ಎಂದು ಮರಾಠಿಯಲ್ಲಿ ಹೇಳಿ ಕೂತ. ಕಾರ್ಯಕರ್ತರ ಬಳಿ ಜವಾಬಿರಲಿಲ್ಲ. ನಾಯಕರು ತೀರ್ಮಾನಿಸಿದ್ದಾರೆ ಎಂದಷ್ಟೇ ಹೇಳಿದರು, ಜನ ಗದ್ದಲ ಎಬ್ಬಿಸಿದರು.

ಅಪ್ಪ ಸಭೆಗಳಲ್ಲಿ ಮಾತಾಡುವವನಲ್ಲ. ಅವನ ಮರಾಠಿ ಕನ್ನಡದ ಧಾಟಿಯಲ್ಲೇ ಇತ್ತು, ಅದಕ್ಕೆ ಸಂಕೋಚ. ಅಂದು ಎದ್ದ. ಹೇಳಿದ್ದರ ಸಾರ ಇಷ್ಟು. ನಮ್ಮ ನಾಲ್ಕು ಜನ ನಿಂತದ್ದು ಮೀಸಲು ಇಲ್ಲದ ಕ್ಷೇತ್ರದಲ್ಲಿ. ಅಲ್ಲಿ ಮರಾಠರು, ಕುಣಬಿಗಳು, ಮುಸಲ್ಮಾನರು ನಮ್ಮವರಿಗೆ ಓಟು ಹಾಕಿದರೆ ಮಾತ್ರ ಗೆಲ್ಲುತ್ತಾರೆ. ಇಲ್ಲಿ ನಾವು ಹಾಕದೆ ಅಲ್ಲಿ ಅವರು ಹಾಕಲಿ ಅಂದರೆ ಹ್ಯಾಂಗ? ಸಾಲ ತಗೊಂಡವ ತೀರಿಸಬೇಕು. ಇನ್ನೊಂದು, ಜುಲೈನಲ್ಲಿ ಗುಂಡು ಹಾರಿಸಿದ ಸರ್ಕಾರದವರು ಇಲ್ಲಿ ಗೆದ್ದರೆ, ಗುಂಡು ಹಾರಿಸಿದ್ದು ಸರಿ ಅಂತ ಇದೇ ರಮಾಬಾಯಿ ನಗರ ಬರೆದುಕೊಟ್ಟ ಹಾಗೆ ಆಗುತ್ತದೆ.

ಮನೆಗೆ ಬಂದು ಊಟಕ್ಕೆ ಕೂತಾಗ ಅವ್ವ ಕೇಳಿದಳು, ‘ಮತ್ತ ಮನಿ?’

ಅದೂ ಸಣ್ಣ ಮಾತಲ್ಲ. ಆ ಸರ್ಕಾರ 40 ಲಕ್ಷ ಝೋಪಡಿವಾಸಿಗಳಿಗೆ ಪುಕ್ಕಟೆ ಪಕ್ಕಾ ಮನೆ ಕೊಡುತ್ತೇವೆಂದು ಹೇಳಿತ್ತು. 1995ರ ಜನವರಿ 1ಕ್ಕೆ ಮೊದಲು ಇದ್ದವರು ಎಂದು ಪುರಾವೆ ಇರಬೇಕು. ಅವ್ವನ ಟ್ರಂಕಿನಲ್ಲಿ ಫೋಟೋ ಪಾಸ್, ರೇಷನ್ ಕಾರ್ಡು, ಮತದಾರರ ಪಟ್ಟಿಯ ನಕಲು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇದ್ದವು. ಈ ಸರ್ಕಾರಕ್ಕೆ ಎದುರು ನಿಂತರೆ ಮನೆ ಹೋದೀತೇ ಎಂಬ ಅಂಜಿಕೆ ಅವಳದು. ಗಲ್ಲಿಯಲ್ಲಿ ಅದೇ ಅಂಜಿಕೆಯಿಂದ ಕಮಲಕ್ಕೆ ಹಾಕಿದವರೂ ಇದ್ದರು. ಅವರನ್ನು ನಾನು ದೂರುವುದಿಲ್ಲ. ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ಕೋಣೆಯಲ್ಲಿ ಮಕ್ಕಳನ್ನು ಸಾಕಿದವರಿಗೆ ಪಕ್ಕಾ ಮನೆಯ ಆಸೆ ದೊಡ್ಡದು.

ಅಪ್ಪ ತುತ್ತು ನುಂಗಿ ಹೇಳಿದ, ‘ಮನಿ ಕೊಡೋರು ಸತ್ತವರಿಗೂ ಕೊಡ್ತಾರೇನು?’

ಅವ್ವ ಸುಮ್ಮನಾದಳು. ಆದರೆ ಒಪ್ಪಿದಳು ಎಂದು ನಾನು ಹೇಳಲಾರೆ. ಅವಳ ಓಟು ಅವಳದು. ಯಾರಿಗೆ ಹಾಕಿದಳೆಂದು ಇವತ್ತಿಗೂ ಹೇಳಿಲ್ಲ.

ಮತದಾನದ ದಿನ ನಾನು ಚೀಟಿ ಬರೆಯುವ ಮೇಜಿಗೆ ಕೂತಿದ್ದೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವನಾದರೂ ಮರಾಠಿ ಪಟ್ಟಿಯನ್ನು ಸರಾಗವಾಗಿ ಓದುತ್ತಿದ್ದೆ. ಹೆಸರು ಹುಡುಕಿ, ಅನುಕ್ರಮ ಸಂಖ್ಯೆ, ಮತಗಟ್ಟೆಯ ಸಂಖ್ಯೆ ಬರೆದು ಹರಿದು ಕೊಡುವ ಕೆಲಸ. ಆ ಮೇಜಿಗೆ ನೀಲಿ ಝೇಂಡಾ ಮತ್ತು ತಿರಂಗಾ ಎರಡನ್ನೂ ಕಟ್ಟಿದ್ದರು. ನಮ್ಮ ಗಲ್ಲಿಯಲ್ಲಿ ನಾನು ಅಂಥದ್ದನ್ನು ಕಂಡದ್ದು ಅದೇ ಮೊದಲು. ಕಾಂಗ್ರೆಸ್ಸಿನ ಹುಡುಗರಿಗೂ ನಮ್ಮವರಿಗೂ ಮೊದಮೊದಲು ಮಾತಿರಲಿಲ್ಲ. ಚಹಾ ಬಂದಾಗ ಒಂದೇ ಕಿಟ್ಲಿಯಿಂದ ಹಂಚಿಕೊಂಡರು.

ಆಗಿನ್ನೂ ಕಾಗದದ ಮತಪತ್ರ. ಅಪ್ಪ ಹಿಂದಿನ ರಾತ್ರಿಯೇ ನೆರೆಮನೆಯ ಹೆಂಗಸರನ್ನು ಕೂರಿಸಿಕೊಂಡು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ತೋರಿಸಿದ್ದ. ಶಿಕ್ಕಾ ಗುರುತಿನ ಮೇಲೇ ಬೀಳಬೇಕು, ಗೆರೆಯ ಮೇಲೆ ಬೀಳಬಾರದು. ಮೊದಲು ಉದ್ದಕ್ಕೆ ಮಡಚಬೇಕು, ಆಮೇಲೆ ಅಡ್ಡಕ್ಕೆ. ಅಡ್ಡಕ್ಕೇ ಮೊದಲು ಮಡಚಿದರೆ ಹಸಿ ಮಸಿ ಇನ್ನೊಬ್ಬರ ಗುರುತಿಗೆ ತಾಗಿ ಮತ ಕೆಡುತ್ತದೆ. ಒಬ್ಬ ಆಯಿ ಕೇಳಿದಳು, ಆನೆ ಎಲ್ಲಿದೆ? ಬಾಬಾಸಾಹೇಬರ ಕಾಲದಲ್ಲಿ ಒಕ್ಕೂಟದ ಗುರುತು ಆನೆ. ಈಗ ಅದು ಕಾನ್ಶಿರಾಮರ ಬಹುಜನ ಸಮಾಜ ಪಕ್ಷದ್ದು. ಅಪ್ಪ ಅವಳಿಗೆ ಬಿಡಿಸಿ ಹೇಳಲು ಹೋಗಲಿಲ್ಲ. ‘ಈ ಸಲ ಕೈ, ಆಯಿ. ಇದೊಂದು ಸಲ’ ಎಂದ. ಓದು ಬಾರದ ಅಪ್ಪ ಮತಪತ್ರ ಮಡಚುವುದನ್ನು ಅಷ್ಟು ಶ್ರದ್ಧೆಯಿಂದ ಕಲಿಸಿದ್ದನ್ನು ನೆನೆದಾಗಲೆಲ್ಲ, ‘ಅಜ್ಞಾನಿ ಮತದಾರರು’ ಎಂದು ಬರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಕಾಂಗ್ರೆಸ್ಸಿಗೆ ಹಾಕುವುದಿಲ್ಲ ಎಂದಿದ್ದ ಗಿರಣಿ ಕಾಕಾ ಮಧ್ಯಾಹ್ನ ಬಿಸಿಲು ಏರಿದ ಮೇಲೆ ಬಂದ. ಬಿಳಿ ಅಂಗಿ, ಕಿಸೆಗೆ ಬಾಬಾಸಾಹೇಬರ ಬಿಲ್ಲೆ. ಚೀಟಿ ಬರೆದುಕೊಟ್ಟೆ. ಮತಗಟ್ಟೆಯಿಂದ ಹೊರಬಂದು ಮೇಜಿನ ಹತ್ತಿರ ನಿಂತು, ಹಾಕಿದೆ ಎಂದಷ್ಟೇ ಹೇಳಿದ. ಯಾರಿಗೆ ಎಂದು ನಾವು ಕೇಳಲಿಲ್ಲ. ಅವನ ಕಣ್ಣುಗಳು ಒದ್ದೆಯಾಗಿದ್ದವು.

ಫಲಿತಾಂಶ ಇಡೀ ದೇಶವನ್ನು ಬೆರಗುಗೊಳಿಸಿತು. ಎರಡು ವರ್ಷ ಹಿಂದೆ, 1996ರಲ್ಲಿ, ಮಹಾರಾಷ್ಟ್ರದ 48 ಕ್ಷೇತ್ರಗಳಲ್ಲಿ 33ನ್ನು ಶಿವಸೇನೆ ಮತ್ತು ಬಿಜೆಪಿ ಗೆದ್ದಿದ್ದವು, ಕಾಂಗ್ರೆಸ್ಸಿಗೆ ಉಳಿದದ್ದು 15. ಈಗ ಕಾಂಗ್ರೆಸ್ಸಿಗೇ 33. ಸೇನೆಗೆ 6, ಬಿಜೆಪಿಗೆ 4. ರಿಪಬ್ಲಿಕನ್ ಪಕ್ಷ ನಿಂತ ನಾಲ್ಕೂ ಕಡೆ ಗೆದ್ದಿತು: ಪ್ರಕಾಶ್ ಅಂಬೇಡ್ಕರ್, ರಾ.ಸು. ಗವಾಯಿ, ಜೋಗೇಂದ್ರ ಕವಾಡೆ, ರಾಮದಾಸ್ ಆಠವಲೆ. ಮುಂಬಯಿ ಈಶಾನ್ಯದಲ್ಲಿ ಮಹಾಜನ್ ಸೋತರು, ಕಾಮತ್ ಗೆದ್ದರು. ದೆಹಲಿಯಲ್ಲಿ ವಾಜಪೇಯಿಯವರೇ ಪ್ರಧಾನಿಯಾದರು. ಅಂದರೆ ದೇಶದ ಗಾಳಿ ಒಂದು ಕಡೆ ಬೀಸಿದಾಗ ನಮ್ಮ ರಾಜ್ಯ ಬೇರೆ ದಾರಿ ಹಿಡಿಯಿತು. ಅದಕ್ಕೆ ದೊಡ್ಡ ಕಾರಣ ಈ ಸಣ್ಣ ಪಕ್ಷದವರು. ಹರಿದು ಹಂಚಿಹೋಗುತ್ತಿದ್ದ ಓಟು ಒಂದು ಕಡೆ ನಿಂತಿತ್ತು. ಅಪ್ಪ ಆ ರಾತ್ರಿ ಪೇಢೆ ತಂದ. ಊರಿಗೆ ಕಾಗದ ಬರೆಸಿದ. ಕಾಕಾನಿಗೆ ಅಣ್ಣ ಕೊನೆಗೂ ಕೈಗೆ ಹಾಕಿದ್ದಕ್ಕೆ ಖುಷಿ. ಅಪ್ಪ ನನ್ನ ಕೈಲಿ ಇನ್ನೊಂದು ಸಾಲು ಸೇರಿಸಿದ: ‘ಕೈಗೆ ಹಾಕಿಲ್ಲ, ಗುಂಡಿನ ವಿರುದ್ಧ ಹಾಕೀನಿ.’

ಆ ಖುಷಿ ಬಹಳ ದಿನ ಬಾಳಲಿಲ್ಲ. 13 ತಿಂಗಳಿಗೆ ವಾಜಪೇಯಿ ಸರ್ಕಾರ ಬಿತ್ತು. ಪವಾರರು ಕಾಂಗ್ರೆಸ್ ಬಿಟ್ಟು ಬೇರೆ ಪಕ್ಷ ಕಟ್ಟಿದರು. ರಿಪಬ್ಲಿಕನ್ನರು ಮತ್ತೆ ಒಡೆದರು, ಒಬ್ಬರು ಪವಾರರ ಜತೆ, ಇನ್ನೊಬ್ಬರು ಕಾಂಗ್ರೆಸ್ ಜತೆ. 1999ರಲ್ಲಿ ನಮ್ಮ ಕ್ಷೇತ್ರದಲ್ಲಿ ಬಿಜೆಪಿಯ ಕಿರೀಟ್ ಸೋಮಯ್ಯ ಗೆದ್ದರು. ಚೀಟಿಯ ಮೇಜುಗಳು ಮತ್ತೆ ಬೇರೆ ಬೇರೆಯಾದವು. 2004ರಲ್ಲಿ ಕಾಮತ್ ಮತ್ತೆ ಬಂದರು. 2009ರಲ್ಲಿ ಪವಾರರ ಎನ್‌ಸಿಪಿಯ ಸಂಜಯ್ ದಿನಾ ಪಾಟೀಲ್ ಗೆದ್ದದ್ದು 2,933 ಮತಗಳ ಅಂತರದಿಂದ. ಅಷ್ಟು ಓಟು ನಮ್ಮ ನಾಲ್ಕಾರು ಗಲ್ಲಿಗಳಲ್ಲೇ ಇದ್ದವು.

2011ರಲ್ಲಿ ಆಠವಲೆಯವರು ಶಿವಸೇನೆ ಮತ್ತು ಬಿಜೆಪಿಯ ಜತೆ ಹೋದರು. ಶಿವಶಕ್ತಿ, ಭೀಮಶಕ್ತಿ ಒಂದಾದವು ಎಂದು ಹೈವೇ ಉದ್ದಕ್ಕೂ ಫಲಕಗಳು ಎದ್ದವು. ಜುಲೈ 11ರ ಹುತಾತ್ಮರ ಸ್ಮಾರಕದಿಂದ ಕೂಗಳತೆಯಲ್ಲಿ ಅಂಥ ಫಲಕ ನೋಡಿದಾಗ ಅಪ್ಪನಿಗೆ ಆದ ಸಂಕಟ ನನಗೆ ಗೊತ್ತು. ಆಠವಲೆಯವರ ಲೆಕ್ಕವೂ ಇತ್ತು ಎನ್ನುವುದನ್ನು ಒಪ್ಪುತ್ತೇನೆ. 2009ರಲ್ಲಿ ಶಿರಡಿಯಲ್ಲಿ ಅವರು ಸೋತಿದ್ದರು, ಜತೆಗಿದ್ದವರೇ ಸೋಲಿಸಿದರು ಎಂಬ ನೋವು ಅವರ ಬೆಂಬಲಿಗರಲ್ಲಿತ್ತು. ಆಮೇಲೆ ರಾಜ್ಯಸಭೆ, 2016ರಲ್ಲಿ ಕೇಂದ್ರದ ಮಂತ್ರಿಗಿರಿ. ನಮ್ಮ ಗಲ್ಲಿಯ ಕೆಲವು ಹುಡುಗರು ಅವರ ಜತೆ ಹೋದರು. ಅಧಿಕಾರದ ಹತ್ತಿರ ಇದ್ದರೆ ನಾಲ್ಕು ಕೆಲಸ ಆಗುತ್ತದೆ ಎಂದರು. ಕೆಲವು ಆದವು ಕೂಡ. ಅಪ್ಪ ಮಾತ್ರ ಝೇಂಡಾವನ್ನು ಮಾಡಿನಿಂದ ಇಳಿಸಲಿಲ್ಲ, ಆ ಮೈತ್ರಿಗೆ ಓಟನ್ನೂ ಹಾಕಲಿಲ್ಲ. ‘ಝೇಂಡಾ ಆಠವಲೆಯವರದಲ್ಲ’ ಎಂದ. ನಾಯಕ ಒಂದು ಕಡೆ, ಬೆಂಬಲಿಗ ಇನ್ನೊಂದು ಕಡೆ ಇರಬಹುದು ಎನ್ನುವುದನ್ನು ನಾನು ಕಂಡದ್ದು ನನ್ನ ಮನೆಯ ಮಾಡಿನ ಮೇಲೆಯೇ.

2019ರಲ್ಲಿ ಪ್ರಕಾಶ್ ಅಂಬೇಡ್ಕರರ ವಂಚಿತ ಬಹುಜನ ಆಘಾಡಿ ಬಂದಾಗ ಅಪ್ಪನಿಗೆ ಎಪ್ಪತ್ತು ದಾಟಿತ್ತು. ಎಷ್ಟೋ ವರ್ಷದ ನಂತರ ತನ್ನವರೇ ಎಲ್ಲ ಕಡೆ ನಿಂತಿದ್ದಾರೆ ಎಂಬ ಹುಮ್ಮಸ್ಸು. ನಾನು ಬೇಡವೆಂದೆ. ಮತ ಒಡೆಯುತ್ತದೆ, ಬಿಜೆಪಿಗೆ ಅನುಕೂಲ ಎಂದೆ. ‘ಪ್ರತಿ ಸಲ ನಾವೇ ಯಾಕ ತ್ಯಾಗ ಮಾಡಬೇಕು? ಒಂದ ಸಲ ಅವರೂ ನಮ್ಮ ಬಾಗಿಲಿಗೆ ಬರಲಿ’ ಎಂದ. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆ ಸಲ ರಾಜ್ಯದಲ್ಲಿ ಆಘಾಡಿ ಮತ್ತು ಜತೆಗಿದ್ದ ಎಂಐಎಂಗೆ ಸೇರಿ 40 ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಗೆದ್ದದ್ದು ಎಂಐಎಂನ ಔರಂಗಾಬಾದ್ ಒಂದೇ. ನಮ್ಮ ಕ್ಷೇತ್ರದಲ್ಲಿ ಆಘಾಡಿಗೆ ಅರವತ್ತು ಸಾವಿರಕ್ಕೂ ಮಿಕ್ಕಿ ಮತ ಬಿದ್ದವು, ಬಿಜೆಪಿಯ ಮನೋಜ್ ಕೋಟಕ್ ಎರಡು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದಿದ್ದರಿಂದ ಇಲ್ಲಿ ಅದರಿಂದ ಫಲಿತಾಂಶ ತಿರುಗಲಿಲ್ಲ. ತಿರುಗಿದ್ದು ಸೊಲ್ಲಾಪುರದಲ್ಲಿ. ಅಲ್ಲಿ ನಮ್ಮ ನೆಂಟರಿದ್ದಾರೆ, ಅರ್ಧ ಊರು ಕನ್ನಡ ಆಡುತ್ತದೆ. ಪ್ರಕಾಶ್ ಅಂಬೇಡ್ಕರರು ಅಲ್ಲಿ ಸ್ವತಃ ನಿಂತು 1 ಲಕ್ಷ 70 ಸಾವಿರ ಮತ ಪಡೆದರು. ಕಾಂಗ್ರೆಸ್ಸಿನ ಸುಶೀಲ್‌ಕುಮಾರ್ ಶಿಂದೆಯವರು ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರು, ಬಿಜೆಪಿಯಿಂದ ನಿಂತ ಜಯಸಿದ್ಧೇಶ್ವರ ಸ್ವಾಮಿಗಳು ಗೆದ್ದರು. ಮಾಮಾ ಫೋನಿನಲ್ಲಿ ಹೇಳಿದ: ‘ಸೋತೀವಿ ಅಂತ ಅನಸಂಗಿಲ್ಲೋ. ನಮ್ಮ ಓಟು ಎಷ್ಟು ಅಂತ ಎಲ್ಲರಿಗೂ ಗೊತ್ತಾತು.’ ಅದೇ ವರ್ಷ ಕಲಬುರಗಿಯಲ್ಲಿ ಖರ್ಗೆಯವರೂ ಸೋತರು. ಅದನ್ನು ಕೇಳಿ ಅಪ್ಪ ಎರಡು ದಿನ ಯಾರ ಜತೆಗೂ ಮಾತಾಡಲಿಲ್ಲ. ಊರಿನ ಕಾಕಾ ಜತೆ ಓಟಿನ ವಿಷಯಕ್ಕೆ ಜೀವನಪೂರ್ತಿ ಜಗಳಾಡಿದವನು.

ಅಪ್ಪ 2024ರ ಚುನಾವಣೆಗೆ ಇರಲಿಲ್ಲ. ಇದ್ದಿದ್ದರೆ ಆ ವರ್ಷದ ಮಾತುಕತೆ ಅವನಿಗೆ 1998ನ್ನು ನೆನಪಿಸುತ್ತಿತ್ತು. ಮಾರ್ಚಿನಲ್ಲಿ ಉತ್ತರ ಕನ್ನಡದ ಆಗಿನ ಬಿಜೆಪಿ ಸಂಸದ ಅನಂತಕುಮಾರ ಹೆಗಡೆಯವರು ಸಂವಿಧಾನ ತಿದ್ದಬೇಕಾದರೆ 400 ಸ್ಥಾನ ಬೇಕು ಎಂದರು. ಅವರ ಪಕ್ಷ ಅದು ಅವರ ಸ್ವಂತ ಅಭಿಪ್ರಾಯ ಎಂದಿತು, ಅವರಿಗೆ ಟಿಕೆಟನ್ನೂ ಕೊಡಲಿಲ್ಲ. ಆದರೆ ಆ ಕನ್ನಡದ ಮಾತು ಮರಾಠಿಯಾಗಿ ನಮ್ಮ ಗಲ್ಲಿಯ ಪ್ರತಿ ಮೊಬೈಲಿಗೂ ಬಂದಿತ್ತು. ವಿಹಾರದಲ್ಲಿ ಯಾವ ನಾಯಕನೂ ಬಂದು ಹೇಳಬೇಕಾಗಲಿಲ್ಲ. ಪ್ರಕಾಶ್ ಅಂಬೇಡ್ಕರರ ಆಘಾಡಿ ಆಗಲೂ ಬೇರೆಯಾಗಿ ಅಭ್ಯರ್ಥಿ ನಿಲ್ಲಿಸಿತ್ತು. 2019ರಲ್ಲಿ ಅದಕ್ಕೆ ಹಾಕಿದ ನಮ್ಮವರೇ, ಈ ಸಲ ಅದಲ್ಲ ಎಂದರು. ಮುಂಬಯಿ ಈಶಾನ್ಯದಲ್ಲಿ ಅದರ ಮತ 15 ಸಾವಿರದ ಒಳಗೆ ಇಳಿಯಿತು. ಉದ್ಧವ್ ಠಾಕ್ರೆಯವರ ಸೇನೆಯ ಸಂಜಯ್ ದಿನಾ ಪಾಟೀಲ್, ಬಿಜೆಪಿಯ ಮಿಹಿರ್ ಕೋಟೆಚಾ ವಿರುದ್ಧ 29,861 ಮತಗಳಿಂದ ಗೆದ್ದರು. ಮುಲುಂಡ್ ಮತ್ತು ಘಾಟ್ಕೋಪರ್ ಪೂರ್ವದಲ್ಲಿ ಹಿಂದೆ ಬಿದ್ದವರನ್ನು ಮುಖ್ಯವಾಗಿ ಎತ್ತಿದ್ದು ಮಾನಖುರ್ದ್ ಶಿವಾಜಿ ನಗರದ ಮುಸ್ಲಿಂ ಮತದಾರರು, ನಿಜ. ಆದರೆ ಘಾಟ್ಕೋಪರ್ ಪೂರ್ವದ ಒಳಗೆ ನಮ್ಮ ಮತಗಟ್ಟೆಗೆ ಬಂದವರ ಮಾತು ಬೇರೆಯೇ ಇತ್ತು. ಶಿವಸೇನೆಯ ಸರ್ಕಾರ ಇದ್ದಾಗ ಗುಂಡು ತಿಂದ ಜಾಗದ ಜನ ಶಿವಸೇನೆಯ ಒಂದು ಪಾಲಿಗೆ ಓಟು ಹಾಕಿದರು. ಮರೆತು ಹಾಕಲಿಲ್ಲ. ನೆನಪಿಟ್ಟುಕೊಂಡೇ, ಸಂವಿಧಾನ ಅದಕ್ಕಿಂತ ದೊಡ್ಡದು ಎಂದು ತೂಗಿ ಹಾಕಿದರು. ಅವ್ವ ಗುಂಡಿ ಒತ್ತಿ ಬಂದು, ಅಪ್ಪನ ಪಟದ ಮುಂದೆ ನಿಂತು, ‘ನಿಮ್ಮ ಬಾಬಾಸಾಹೇಬರ ಪುಸ್ತಕ ಉಳೀಬೇಕಲ್ಲ’ ಎಂದಳು. ಅವಳು ತನ್ನ ಓಟಿನ ಕಾರಣ ಬಾಯಿ ಬಿಟ್ಟು ಹೇಳಿದ್ದು ಅದೊಂದೇ ಸಲ.

ಈಗ ರಮಾಬಾಯಿ ನಗರ ಮತ್ತು ಕಾಮರಾಜ ನಗರವನ್ನು ಒಡೆಯುತ್ತಿದ್ದಾರೆ. ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ (ಎಂಎಂಆರ್‌ಡಿಎ) ಮತ್ತು ಝೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರ (ಎಸ್‌ಆರ್‌ಎ) ಸೇರಿ 16 ಸಾವಿರಕ್ಕೂ ಹೆಚ್ಚು ಝೋಪಡಿಗಳನ್ನು ತೆಗೆದು ಪಕ್ಕಾ ಮನೆ ಕಟ್ಟುವ ಯೋಜನೆ ಹಿಡಿದಿವೆ. ಛೇಡಾ ನಗರದಿಂದ ಠಾಣೆಯ ಕಡೆಗೆ ಹೋಗುವ ಹೊಸ ಎತ್ತರದ ರಸ್ತೆಗೂ ಇದರಲ್ಲಿ ಜಾಗ ಬೇಕಾಗಿದೆ. ಮನೆ ಕಟ್ಟಿ ಮುಗಿಯುವವರೆಗೆ ಜನರಿಗೆ ಬಾಡಿಗೆ ಹಣ ಕೊಟ್ಟು ಬೇರೆಡೆ ಕಳಿಸುತ್ತಿದ್ದಾರೆ. ಅವ್ವನ ಟ್ರಂಕಿನ ಕಾಗದಗಳಿಗೆ ಕೊನೆಗೂ ಕೆಲಸ ಬಂದಿದೆ. ಒಳ್ಳೆಯದೇ. ಆದರೆ ಜನ ಕಲ್ಯಾಣ, ದಿವಾ, ಮಾನಖುರ್ದ್ ಎಂದು ಚದುರಿ ಹೋಗುತ್ತಿದ್ದಾರೆ. ಮತದಾರರ ಪಟ್ಟಿಯ ತಪಾಸಣೆಗೆ ಬಂದವರಿಗೆ ಆ ಬಾಗಿಲು ಇರುವುದಿಲ್ಲ, ಬಾಗಿಲಿಲ್ಲದ ಮನೆಯ ಹೆಸರು ಅಳಿಸಿಹೋಗುವುದು ಸುಲಭ.

ಅದಕ್ಕೇ ನಮ್ಮ ಗಲ್ಲಿಯಿಂದ ಹೋದ, ಹೋಗುತ್ತಿರುವ ಎಲ್ಲ ಮನೆಯವರಿಗೂ ನನ್ನ ವಿನಂತಿ ಇದು. ಬಾಡಿಗೆ ಕರಾರಿನ ಜತೆ ನಿಮ್ಮ ಮತದಾರರ ಗುರುತಿನ ಚೀಟಿಯನ್ನೂ ಎತ್ತಿಟ್ಟುಕೊಳ್ಳಿ. ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡಿ, ಈಗಲೇ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ 6ನೇ ನಮೂನೆ, ವಿಳಾಸ ಬದಲಾದರೆ 8ನೇ ನಮೂನೆ ತುಂಬಿ ಕೊಡಿ. ಬರೆಯಲು ಬಾರದವರು ನನ್ನ ಹತ್ತಿರ ಬನ್ನಿ, ಭಾನುವಾರ ಬೆಳಿಗ್ಗೆ ವಿಹಾರದಲ್ಲಿ ಇರುತ್ತೇನೆ. ನೀವು ಯಾವ ಗಟದವರು ಎಂದು ನಾನು ಕೇಳುವುದಿಲ್ಲ.